ದೂರ ಒಂದೇ, ಸಮಯ ಮಾತ್ರ ಒಂದೇ ಅಲ್ಲ

ಎರಡು ನಗರಗಳ ಹೆಸರು ಕೊಟ್ಟರೆ ಸಾಕು, ನಡುವೆ ಇಷ್ಟು ಕಿಲೋಮೀಟರ್, ವಿಮಾನದಲ್ಲಿ ಇಷ್ಟು ಗಂಟೆ ಎಂದು ಥಟ್ಟನೆ ಹೇಳಿಬಿಡುವ ಜಾಲತಾಣಗಳು ಬೇಕಾದಷ್ಟಿವೆ. ಅವು ಕೊಡುವ ದೂರದ ಬಗ್ಗೆ ನನ್ನ ತಕರಾರಿಲ್ಲ. ಗೋಳದ ಮೇಲಿನ ಅತಿ ಹತ್ತಿರದ ದಾರಿಯನ್ನು ಗಣಿತ ಸರಿಯಾಗಿಯೇ ಅಳೆಯುತ್ತದೆ. ತಕರಾರಿರುವುದು ಸಮಯದ ಬಗ್ಗೆ. ವಿಮಾನದ ವೇಗ ಗಂಟೆಗೆ ಇಷ್ಟು ಕಿ.ಮೀ. ಎಂದು ಆ ದೂರವನ್ನು 850ರಿಂದಲೋ 900ರಿಂದಲೋ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಕೂಡಿಸಿದರೆ ಮುಗಿಯಿತು. ಹೋಗುವುದಕ್ಕೂ ಅದೇ ಅಂಕಿ, ಬರುವುದಕ್ಕೂ ಅದೇ.

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು 5,550 ಕಿ.ಮೀ. ಪಶ್ಚಿಮಕ್ಕೆ ಹೊರಟರೆ ಸುಮಾರು 8 ಗಂಟೆ, ಪೂರ್ವಕ್ಕೆ ಮರಳಿದರೆ 7 ಗಂಟೆ. ಭೂಮಿ ತಿರುಗುವುದರಿಂದ ಹೀಗೆ ಎನ್ನುವವರು ಈಗಲೂ ಸಿಗುತ್ತಾರೆ. ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆಯಲ್ಲ ಸ್ವಾಮಿ! ನಿಜವಾದ ಕಾರಣ ಜೆಟ್ ಸ್ಟ್ರೀಮ್. ವಿಮಾನಗಳು ಸಾಗುವ ಎತ್ತರದಲ್ಲೇ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ, ಚಳಿಗಾಲದಲ್ಲಿ ಇನ್ನಷ್ಟು ರಭಸವಾಗುವ ಗಾಳಿಯ ಹೊಳೆ. 2020ರ ಫೆಬ್ರುವರಿಯಲ್ಲಿ ಕಿಯಾರಾ ಚಂಡಮಾರುತದ ಹೊತ್ತಿಗೆ ನ್ಯೂಯಾರ್ಕ್ ಬಿಟ್ಟ ಬೋಯಿಂಗ್ 747 ಒಂದು 4 ಗಂಟೆ 56 ನಿಮಿಷಕ್ಕೆ ಲಂಡನ್ ತಲುಪಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಿದ್ದರೂ ಅದು ಶಬ್ದದ ವೇಗವನ್ನು ಮೀರಲಿಲ್ಲ, ಏಕೆಂದರೆ ಸುತ್ತಲಿನ ಗಾಳಿಯೇ ಅದನ್ನು ಹೊತ್ತು ಓಡುತ್ತಿತ್ತು.

ಇದಕ್ಕಿಂತ ಸೊಗಸಾದ ಉದಾಹರಣೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಪಶ್ಚಿಮಕ್ಕೆ ಹೋಗುವ ಅಟ್ಲಾಂಟಿಕ್ ದಾರಿಯನ್ನು ಬಿಟ್ಟು, ಅದೇ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಪೂರ್ವಕ್ಕೆ ಪೆಸಿಫಿಕ್ ಮೇಲೆ ಹಾರಿತು. ದಾರಿ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದವಾಗಿ 15,300 ಕಿ.ಮೀ. ಆಯಿತು. ಆದರೂ ಪ್ರಯಾಣ ಸುಮಾರು ಎರಡು ಗಂಟೆ ಬೇಗ, ಹದಿನಾಲ್ಕೂವರೆ ಗಂಟೆಗೆ ಮುಗಿಯಿತು. ದೂರ ಹೆಚ್ಚಾಗಿ ಸಮಯ ಕಡಿಮೆಯಾದ ಈ ಹಾರಾಟವನ್ನು ಯಾವ ಭಾಗಾಕಾರದಿಂದ ವಿವರಿಸುತ್ತೀರಿ?

ಗಾಳಿಯ ಮಾತು ಹಾಗಿರಲಿ, ರಾಜಕೀಯವೂ ಇದೆ. 2022ರಲ್ಲಿ ಯುರೋಪಿನ ವಿಮಾನ ಸಂಸ್ಥೆಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಗಂಟೆಯ ಹಾರಾಟ ಸುಮಾರು ಹದಿಮೂರು ಗಂಟೆಯಾಯಿತು. ಎರಡು ನಗರಗಳೂ ಇದ್ದಲ್ಲೇ ಇವೆ.

ಇನ್ನು ವಿಮಾನ ಸಂಸ್ಥೆಗಳ ಚಾಲಾಕಿತನ. ಟಿಕೆಟ್‌ನಲ್ಲಿ ಕಾಣುವುದು ಗಾಳಿಯಲ್ಲಿರುವ ಸಮಯವಲ್ಲ, ಒಂದು ನಿಲ್ದಾಣದ ಗೇಟ್ ಬಿಟ್ಟಲ್ಲಿಂದ ಇನ್ನೊಂದರ ಗೇಟ್ ಸೇರುವವರೆಗಿನ ಅವಧಿ. ರನ್‌ವೇ ಸರದಿ, ಇಳಿಯುವ ಮುನ್ನ ಹೊಡೆಯುವ ಸುತ್ತುಗಳು ಎಲ್ಲವೂ ಅದರಲ್ಲಿ ಸೇರಿವೆ. ಜೊತೆಗೆ ತಡವಾದರೂ ತಡ ಎನಿಸದಂತೆ ಒಂದಷ್ಟು ನಿಮಿಷಗಳನ್ನು ಮೊದಲೇ ತುರುಕಿರುತ್ತಾರೆ. ಆಮೇಲೆ ಇಪ್ಪತ್ತು ನಿಮಿಷ ಮೊದಲೇ ಇಳಿದೆವೆಂದು ಧ್ವನಿವರ್ಧಕದಲ್ಲಿ ಬೀಗುವುದು! ಆ ಸಡಿಲಿಕೆ ಬೇಕೇ ಬೇಕು ಎಂದು ಒಪ್ಪುತ್ತೇನೆ, ಬೀಗುವುದನ್ನು ಒಪ್ಪುವುದಿಲ್ಲ.

ಹಾಗಾಗಿ ನಡುವೆ ವಿಮಾನ ಬದಲಿಸಬೇಕಾದವರು ಈ ಜಾಲತಾಣಗಳ ಅಂಕಿಯನ್ನು ನಂಬಿ ಕೂರಬೇಡಿ. ವಿಮಾನಗಳ ಓಡಾಟವನ್ನು ದಾಖಲಿಸುವ ತಾಣದಲ್ಲಿ ನಿಮ್ಮ ವಿಮಾನದ ಸಂಖ್ಯೆಯನ್ನು ಹಾಕಿ, ಕಳೆದ ಕೆಲವು ವಾರಗಳಲ್ಲಿ ಅದು ನಿಜವಾಗಿ ಎಷ್ಟು ಹೊತ್ತಿಗೆ ಗೇಟ್ ಸೇರಿದೆ ಎಂದು ನೋಡಿ. ಮರಳುವ ವಿಮಾನಕ್ಕೂ ಬೇರೆಯಾಗಿಯೇ ನೋಡಿ.