ಗೇಟಿನ ಹತ್ತಿರದ ಕಿವಿ

ನಿನ್ನೆ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ಸಭೆಯಿಂದ ಅರ್ಧಕ್ಕೇ ಎದ್ದು ಬಂದೆ. ವಾಚ್‌ಮನ್ ಕೂರುವ ಜಾಗದ ಮೇಲೆ ಹೊಸ ಕ್ಯಾಮೆರಾ ಬಂದಿದೆ, ಅದರಲ್ಲಿ ಮೈಕೂ ಇದೆ. ಮನೆಗೆಲಸದ ಹೆಂಗಸರು ಅಲ್ಲಿ ಕೂತು ಸಂಬಳದ ಬಗ್ಗೆ ಆಡಿಕೊಂಡ ಮಾತನ್ನು ಒಬ್ಬರು ಮೊಬೈಲಿನಲ್ಲಿ ಎಲ್ಲರಿಗೂ ಕೇಳಿಸಿದರು. ಕೆಲವರು ನಕ್ಕರು. ನನಗೆ ಮೈ ಉರಿದುಹೋಯಿತು.

ಹಳೇ ಪುಸ್ತಕಗಳ ಚಿತ್ರ ಹುಡುಕಿ ನೋಡುವ ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಅಲ್ಲಿ ಕೂತಾಗ ನೆನಪಾದದ್ದು ಅಥನೇಸಿಯಸ್ ಕಿರ್ಷರ್ ಬರೆಸಿದ ಒಂದು ಅರಮನೆಯ ಚಿತ್ರ. ರೋಮಿನಲ್ಲಿದ್ದ ಜರ್ಮನ್ ಜೆಸ್ವಿಟ್ ಪಾದ್ರಿ ಅವನು. 1650ರಲ್ಲಿ ಸದ್ದು, ಸಂಗೀತದ ಮೇಲೆ ‘ಮುಸುರ್ಜಿಯಾ ಉನಿವರ್ಸಾಲಿಸ್’ ಎಂಬ ದಪ್ಪ ಪುಸ್ತಕ ತಂದ. ಆ ಚಿತ್ರದಲ್ಲಿ ಗೋಡೆಯೊಳಗೆ ಶಂಖದ ಹಾಗೆ ಸುತ್ತಿಕೊಂಡ ದೊಡ್ಡ ಕೊಳವೆ. ಅಗಲ ಬಾಯಿ ಜನ ನಿಂತು ಮಾತಾಡುವ ಅಂಗಳದ ಕಡೆಗೆ. ಸಣ್ಣ ತುದಿ ಒಳಕೋಣೆಯ ಪ್ರತಿಮೆಯ ಬಾಯಿಗೆ. ಹೊರಗೆ ಆಡಿದ್ದನ್ನು ಒಳಗೆ ಕಲ್ಲಿನ ಬಾಯಿ ಒಪ್ಪಿಸುತ್ತದೆ. ಅಂಗಳದವರಿಗೆ ಸುಳಿವೇ ಇಲ್ಲ.

ಸಿಸಿಲಿಯ ಸಿರಾಕ್ಯೂಸ್‌ನಲ್ಲಿ ಒಂದು ಗುಹೆಯಿದೆ. ಡಿಯೊನಿಸಿಯಸ್ ದೊರೆ ಅಲ್ಲಿ ಕೈದಿಗಳ ಪಿಸುಮಾತು ಕೇಳುತ್ತಿದ್ದ ಎಂಬುದು ಕಥೆ. 1608ರಲ್ಲಿ ಅದಕ್ಕೆ ‘ಡಿಯೊನಿಸಿಯಸ್‌ನ ಕಿವಿ’ ಎಂದು ಹೆಸರಿಟ್ಟವನು ಚಿತ್ರಕಾರ ಕರವಾಜ್ಜೊ. ಕಥೆಯೇ ಇರಲಿ, ಕೇಳುವವನು ದೊರೆ, ಸಿಕ್ಕಿಬೀಳುವವನು ಕೈದಿ. ನಮ್ಮಲ್ಲೂ ಅಷ್ಟೇ ಅಲ್ವಾ? ಕಮಿಟಿಯ ಕೋಣೆಗೆ ಯಾರೂ ಮೈಕ್ ಹಾಕಲಿಲ್ಲ.

‘ಸೆಕ್ಯುರಿಟಿ’ ಎಂದರು. ಕಳ್ಳ ಬಂದರೆ ಮುಖ ಕಂಡರೆ ಸಾಕು. ಲಕ್ಷ್ಮಮ್ಮನೋ ಸಾವಿತ್ರಿಯೋ ಯಾರ ಮನೆಯಲ್ಲಿ ಎಷ್ಟು ಕೊಡುತ್ತಾರೆ ಎಂದು ಹೇಳಿಕೊಂಡರೆ ಯಾವ ಬೀಗ ಮುರಿಯುತ್ತದೆ?

ಅದೇ ಕಿರ್ಷರ್ ತನ್ನ ಕೋಣೆಯಿಂದ ತಾನಿದ್ದ ಕಾಲೇಜಿನ ಬಾಗಿಲವರೆಗೂ ಒಂದು ಕೊಳವೆ ಹಾಕಿಸಿದ್ದ. ಯಾರಾದರೂ ಬಂದರೆ ಬಾಗಿಲು ಕಾಯುವವರು ಅಷ್ಟು ದೂರ ನಡೆದು ಬರಬೇಕಿರಲಿಲ್ಲ. ಅಲ್ಲಿಂದಲೇ ಕೊಳವೆಯೊಳಗೆ ಹೇಳಿದರೆ ಅವನಿಗೆ ಕೇಳುತ್ತಿತ್ತು. ಅವರ ಕಾಲಿಗೆ ಸ್ವಲ್ಪ ಬಿಡುವು. ಯಾರು ಕೇಳುತ್ತಿದ್ದಾರೆ ಎಂಬುದೂ ಅವರಿಗೆ ಗೊತ್ತಿತ್ತು. ನನಗೆ ಆ ಕೊಳವೆ ತುಂಬಾ ಇಷ್ಟ. ನಮ್ಮ ವಾಚ್‌ಮನ್ ಇವತ್ತಿಗೂ ಪಾರ್ಸೆಲ್ ಹಿಡಿದು ನಾಲ್ಕು ಮಹಡಿ ಹತ್ತುತ್ತಾರೆ.

ಒಂದು ಮಾತು ಮುಚ್ಚಿಡಲಾರೆ. ಕಳೆದ ವಾರ ಆ ಕ್ಯಾಮೆರಾದ ಆ್ಯಪ್ ನನ್ನ ಫೋನಿಗೂ ಬಂತು. ಸುಮ್ನೆ ತೆರೆದೆ. ನಮ್ಮ ಮನೆಯ ಹೆಸರು ಕೇಳಿಸಿತು. ಮುಚ್ಚಲಿಲ್ಲ, ಪೂರ್ತಿ ಕೇಳಿದೆ. ಆ ಹೆಂಗಸರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಇವತ್ತು ಬೆಳಿಗ್ಗೆ ಕೆಳಗೆ ಹೋಗಿ ಅವರಿಗೆಲ್ಲ ಮೈಕ್ ತೋರಿಸಿದೆ. ಸಂಜೆ ನೋಡಿದರೆ ಎಲ್ಲರೂ ಅಲ್ಲೇ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ.