ವಂಶಾವಳಿಯಲ್ಲಿ ಬರೆಯದ ವಯಸ್ಸು

ನ್ಯೂಜೆರ್ಸಿಯಲ್ಲಿ ಹೊಸ ವೈದ್ಯರ ಬಳಿ ಹೋದ ಮೊದಲ ದಿನ ನರ್ಸ್ ಎರಡು ಪ್ರಶ್ನೆ ಕೇಳಿದರು. ತಂದೆ ತೀರಿಕೊಂಡದ್ದು ಯಾವ ಕಾಯಿಲೆಯಿಂದ? ಅದು ಪತ್ತೆಯಾದಾಗ ಅವರ ವಯಸ್ಸೆಷ್ಟು? ಮೊದಲನೆಯದಕ್ಕೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದೆ. ಎರಡನೆಯದಕ್ಕೆ ಆ ರಾತ್ರಿ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಮನೆಗೆ ಫೋನ್ ಮಾಡಬೇಕಾಯಿತು. ಅಮ್ಮ ಅಕ್ಕನ ಮದುವೆಯಿಂದ ಲೆಕ್ಕ ಹಿಡಿದರು. ಮದುವೆಯ ಮರು ಮಳೆಗಾಲ. ಅಪ್ಪಯ್ಯನಿಗೆ ಆಗ 48.

ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರನ್ನು ಗೋತ್ರಸಹಿತ ತಪ್ಪದೆ ಹೇಳುವವರು ನಾವು. ಅವರು ಯಾವ ರೋಗದಿಂದ ಹೋದರೆಂದು ಕೇಳಿದರೆ ಮನೆ ಮೌನವಾಗುತ್ತದೆ. ಅಜ್ಜನಿಗೆ ಏನಾಗಿತ್ತು? ‘ಹೊಟ್ಟೆಯ ತೊಂದರೆ.’ ಅಷ್ಟೇ. ಕ್ಯಾನ್ಸರ್ ಎಂಬ ಮಾತು ಹೊರಬಿದ್ದರೆ ಹೆಣ್ಣುಮಕ್ಕಳ ಸಂಬಂಧಕ್ಕೆ ಅಡ್ಡಿಯಾದೀತೆಂಬ ಭಯ ಮಲೆನಾಡಿನಲ್ಲಿ ಇನ್ನೂ ಇದೆ. ಅಪ್ಪಯ್ಯನ ಮಲದಲ್ಲಿ ರಕ್ತ ಕಂಡಾಗ ಎಲ್ಲರೂ ಮೂಲವ್ಯಾಧಿ ಎಂದರು, ಉಷ್ಣ ಎಂದರು. ಒಂದು ವರ್ಷ ಮಜ್ಜಿಗೆ, ಮುರುಗಲು ಪಾನಕ, ನಾಟಿ ಔಷಧಿಯಲ್ಲೇ ಕಳೆಯಿತು. ಆ ವರ್ಷ ನೆನಪಾದರೆ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಲ್ಲಿ ಅಮೆರಿಕದಲ್ಲಿ ಕಾಯಿಲೆ ಪತ್ತೆಯಾದ ಆ ವಯಸ್ಸಿನ ಮೇಲೆಯೇ ತಪಾಸಣೆಯ ಲೆಕ್ಕ ನಿಂತಿದೆ. ಮನೆತನದಲ್ಲಿ ಯಾರಿಗೂ ಈ ಕ್ಯಾನ್ಸರ್ ಇಲ್ಲದವರಿಗೆ ತಪಾಸಣೆ 45ಕ್ಕೆ ಶುರು. 2021ರವರೆಗೆ ಅದು 50 ಇತ್ತು. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ 60 ತುಂಬುವ ಮೊದಲೇ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆಯನ್ನು ಗುದದ್ವಾರದಿಂದ ಹಾಯಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ. ಆಮೇಲೆ 5 ವರ್ಷಕ್ಕೊಮ್ಮೆ. ನಾನು 38ಕ್ಕೇ ಮಾಡಿಸಬೇಕಿತ್ತು. ಆಗಲೇ 41 ಆಗಿತ್ತು.

ಪರೀಕ್ಷೆಯ ಹಿಂದಿನ ದಿನ ಊಟವಿಲ್ಲ, ತಿಳಿ ದ್ರವ ಮಾತ್ರ. ಸಂಜೆಯಿಂದ ಉಪ್ಪುಪ್ಪಾದ ಭೇದಿಯ ಔಷಧಿಯನ್ನು ಲೋಟಗಟ್ಟಲೆ ಕುಡಿದು ಕರುಳು ತೊಳೆದುಕೊಳ್ಳಬೇಕು. ಕಷ್ಟವೆಲ್ಲ ಅಷ್ಟೇ, ಪರೀಕ್ಷೆ ನಡೆಯುವಾಗ ಮಂಪರು ಬರುವ ಔಷಧಿ ಕೊಟ್ಟಿರುತ್ತಾರೆ. ಎಚ್ಚರವಾದ ಮೇಲೆ ವೈದ್ಯರು ಚಿತ್ರ ತೋರಿಸಿದರು. ಗುಲಾಬಿ ಬಣ್ಣದ ನುಣುಪು ಗೋಡೆಯ ಮೇಲೆ ಅಣಬೆಯ ಮೊಗ್ಗಿನಂತಹ ಎರಡು ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆದ ಗಂಟು. ತಂತಿಯ ಕುಣಿಕೆ ಹಾಕಿ ಆಗಲೇ ತೆಗೆದಾಗಿತ್ತು. ಇಂತಹ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಅಪ್ಪಯ್ಯನಿಗೂ ಅಷ್ಟು ಕಾಲಾವಕಾಶ ಇದ್ದಿರಬೇಕು.

ಅಮೆರಿಕವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ವಿಮೆಯಿಲ್ಲದವರಿಗೆ ಇಲ್ಲಿ ಈ ಪರೀಕ್ಷೆಯ ಖರ್ಚು ಎದೆ ನಡುಗಿಸುತ್ತದೆ. ಪರೀಕ್ಷೆಯ ನಂತರ ಮನೆಗೆ ಕರೆದೊಯ್ಯಲು ನಾನು ಸಹೋದ್ಯೋಗಿಯೊಬ್ಬರನ್ನು ಬೇಡಿಕೊಳ್ಳಬೇಕಾಯಿತು. ಊರಿನಲ್ಲಾಗಿದ್ದರೆ ಆಸ್ಪತ್ರೆಯ ಬಾಗಿಲಲ್ಲಿ ಚಿಕ್ಕಪ್ಪ, ಭಾವ, ಪಕ್ಕದ ಮನೆಯವರು ಎಲ್ಲರೂ ಇರುತ್ತಿದ್ದರು. ಆದರೆ ಅಷ್ಟು ಜನ ಸೇರುವುದು ಕಾಯಿಲೆ ಬಲಿತ ಮೇಲೆ. ನಮ್ಮ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಕರುಳಿನದು ಇಲ್ಲ. ಹಾಗಾಗಿ ಆಶಾ ಕಾರ್ಯಕರ್ತೆ ಬಂದು ಕೇಳಲಿ ಎಂದು ಕಾಯುವಂತಿಲ್ಲ, ಮನೆಯವರೇ ಬಾಯಿ ಬಿಡಬೇಕು.

ತಮ್ಮನಿಗೆ ಈ ಕಾರ್ತಿಕಕ್ಕೆ 38. ಅಡಿಕೆ ಕೊಯ್ಲು ಮುಗಿಯಲಿ ಎಂದ. ಕೊಯ್ಲಿಗೆ ಮುಂಚೆಯೇ ಹೋಗೆಂದು ಮೂರು ಸಲ ಜಗಳವಾಡಿದೆ. ಕೊನೆಗೆ ಶಿವಮೊಗ್ಗದಲ್ಲಿ ದಿನ ಗೊತ್ತುಮಾಡಿಕೊಂಡು ಫೋನ್ ಮಾಡಿದ. ‘ಅಣ್ಣ, ಡಾಕ್ಟರ ಹತ್ತಿರ ಏನೆಂದು ಹೇಳಲಿ?’ ಬರೆದುಕೋ ಎಂದೆ: ಅಪ್ಪಯ್ಯ, ದೊಡ್ಡ ಕರುಳು, 48. ಅಣ್ಣ, ಎರಡು ಪಾಲಿಪ್, 41.