ಪೈಪ್ ಎಲ್ಲಿ ಹೋಗುತ್ತೆ ಅಂತ ಗೊತ್ತಿರುವವರು

ನಿನ್ನೆ ರಾತ್ರಿ ಇಂಗ್ಲೆಂಡಿನ ನಮ್ಮ ಹಳ್ಳಿಯ ಪ್ಯಾರಿಷ್ ಕೌನ್ಸಿಲ್ (ನಮ್ಮ ಗ್ರಾಮ ಪಂಚಾಯ್ತಿ ಇದ್ದ ಹಾಗೆ) ಸಭೆಗೆ ಹೋಗಿದ್ದೆ. ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದ ಮೇಲೂ ಅದೇ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಬರೆಯಲು ಕೂತೆ. ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ನಿಮಗೆಲ್ಲ ಗೊತ್ತೇ ಇದೆ, ನಾವು ಬರ್ಮಿಂಗ್‌ಹ್ಯಾಮ್ ಬಿಟ್ಟು ಈ ಹಳ್ಳಿ ಸೇರಿ ಹನ್ನೊಂದು ವರ್ಷ ಆಯಿತು. ಒಂದು ಚರ್ಚು, ಒಂದು ಪಬ್ಬು, ಒಂದು ಹಾಲ್, ದಿನಕ್ಕೆ ನಾಲ್ಕು ಬಸ್ಸು. ಹಳ್ಳಿಯ ಹೆಸರು ಇಲ್ಲಿ ಹಾಕುವುದಿಲ್ಲ. ಸಣ್ಣ ಊರು, ಯಾರ ವಿಷಯ ಹೇಳಿದೆ ಅಂತ ಎಲ್ಲರಿಗೂ ತಿಳಿದುಬಿಡುತ್ತೆ.

ಸಭೆಗೆ ಬಂದಿದ್ದವರು ಐದು ಜನ ಸದಸ್ಯರು, ಒಬ್ಬರು ಕ್ಲರ್ಕ್, ನೋಡಲು ಕೂತ ನಾವು ನಾಲ್ಕು ಜನ. ಹೀಟರ್ ಹಾಕಿದ್ದರೂ ಯಾರೂ ಕೋಟು ಬಿಚ್ಚಿರಲಿಲ್ಲ. ಮೊದಲ ಹದಿನೈದು ನಿಮಿಷ ಊರವರು ಮಾತಾಡಬಹುದು. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ಎದ್ದು ನಿಂತರು. ಕೈಯಲ್ಲಿ ಪ್ರಿಂಟ್ ತೆಗೆಸಿದ ಎರಡು ಫೋಟೋ. ಬಸ್ ಸ್ಟಾಪ್ ತಿರುವಿನಲ್ಲಿ ಚರಂಡಿ ಕಟ್ಟಿಕೊಂಡಿದೆ. ಮಳೆ ಬಂದರೆ ರಸ್ತೆ ನೀರೆಲ್ಲ ಅವರ ಗ್ಯಾರೇಜಿಗೆ ನುಗ್ಗುತ್ತೆ. ತೀರಿಕೊಂಡ ಗಂಡನ ಮರಗೆಲಸದ ಸಾಮಾನೆಲ್ಲ ಅಲ್ಲೇ ಇದೆ. ಫೋಟೋದಲ್ಲಿ ಉಳಿಯ ಮೇಲೆಲ್ಲ ತುಕ್ಕು ಹಿಡಿದಿದ್ದು ಕಾಣಿಸುತ್ತಿತ್ತು.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಕೈ ಎತ್ತಿದರು. ಎಂಬತ್ತು ದಾಟಿದ ರೈತ. "ಆ ಚರಂಡಿಯ ಪೈಪ್ ಹೊಲದ ಕೆಳಗೆ ಹಾದು ಹಳ್ಳ ಸೇರುತ್ತೆ. ಗೇಟಿನಿಂದ ಒಳಗೆ ಹನ್ನೆರಡು ಹೆಜ್ಜೆ ಹೋದರೆ ಒಂದು ಚಪ್ಪಡಿ ಕಲ್ಲು ಇದೆ. ಕಟ್ಟಿಕೊಂಡಿರೋದು ಅಲ್ಲೇ. ಪೈಪ್ ಹಾಕುವಾಗ ಅಪ್ಪನ ಜೊತೆ ನಾನೂ ಇದ್ದೆ" ಅಂದರು. ಅಜೆಂಡಾ ಹಾಳೆ ತಿರುಗಿಸಿ ಅದರ ಹಿಂದೆ ಪೆನ್ನಿನಲ್ಲಿ ಗೇಟು, ಬೇಲಿ, ಹಳ್ಳ ಎಲ್ಲ ಬರೆದು ಕೊಟ್ಟರು. ಕ್ಲರ್ಕ್ ಆ ಹಾಳೆಯನ್ನು ಜೋಪಾನವಾಗಿ ಫೈಲಿನಲ್ಲಿಟ್ಟರು.

ಇನ್ನೇನು ಬೇಕು ಹೇಳಿ? ತೊಂದರೆ ಏನು ಅಂತ ಗೊತ್ತು. ಎಲ್ಲಿದೆ ಅಂತ ಗೊತ್ತು. ಸಲಿಕೆ ಹಿಡಿಯುವ ಜನ ಊರಲ್ಲೇ ಇದ್ದಾರೆ. ಆದರೆ ಪ್ಯಾರಿಷ್ ಅದನ್ನು ಮುಟ್ಟುವ ಹಾಗಿಲ್ಲ. ರಸ್ತೆ ಮೇಲಿನ ಹಂತದ ಕೌಂಟಿ ಕೌನ್ಸಿಲ್ಲಿನದು, ರಸ್ತೆಯ ಚರಂಡಿಯೂ ಕೌಂಟಿಯದು. ಮೂರು ಸಲ ಬರೆದಾಗಿದೆ. ಕೊನೆಯ ಸಲ ಬಂದ ಉತ್ತರ ಎರಡೇ ಸಾಲು. ಪರಿಶೀಲಿಸಲಾಗಿದೆ, ಸದ್ಯಕ್ಕೆ ತುರ್ತಿನ ಕೆಲಸವಲ್ಲ. ಅಜ್ಜಿ ಫೋಟೋಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. ನನಗೆ ಹೊಟ್ಟೆ ಉರಿದುಹೋಯಿತು.

ಇಲ್ಲಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಡಿಸ್ಟ್ರಿಕ್ಟ್ ಅಂದ ಕೂಡಲೇ ನಮ್ಮ ಜಿಲ್ಲೆ ಅಂದುಕೊಳ್ಳಬೇಡಿ. ನಮ್ಮ ಲೆಕ್ಕಕ್ಕೆ ಕೌಂಟಿ ಅಂದರೆ ಜಿಲ್ಲೆ, ಡಿಸ್ಟ್ರಿಕ್ಟ್ ಅಂದರೆ ತಾಲ್ಲೂಕು, ಪ್ಯಾರಿಷ್ ಅಂದರೆ ಗ್ರಾಮ ಪಂಚಾಯ್ತಿ. ಡಿಸಿ, ತಹಶೀಲ್ದಾರ್ ಅಂತ ಮೇಲಿನಿಂದ ಬರುವವರು ಇಲ್ಲಿ ಇಲ್ಲ. ಮೂರೂ ಕಡೆ ಜನ ಆರಿಸಿದ ಕೌನ್ಸಿಲ್ಲೇ ಆಳುತ್ತೆ, ಅಧಿಕಾರಿಗಳನ್ನೂ ಅದೇ ನೇಮಿಸಿಕೊಳ್ಳುತ್ತೆ. ರಸ್ತೆ, ಶಾಲೆ, ಲೈಬ್ರರಿ, ವಯಸ್ಸಾದವರ ಆರೈಕೆ ಕೌಂಟಿಗೆ. ಮನೆ ಕಟ್ಟಲು ಅನುಮತಿ, ಮನೆ ಇಲ್ಲದವರಿಗೆ ಮನೆ, ಹೋಟೆಲುಗಳ ಶುಚಿತ್ವ ನೋಡುವುದು, ಚುನಾವಣೆ ನಡೆಸುವುದು ಡಿಸ್ಟ್ರಿಕ್ಟಿಗೆ. ಮನೆ ಮುಂದಿನ ಕಸ ಎತ್ತುವುದು ಡಿಸ್ಟ್ರಿಕ್ಟು. ಎತ್ತಿದ ಕಸವನ್ನು ಏನು ಮಾಡಬೇಕು ಅನ್ನುವುದು ಕೌಂಟಿ.

ದುಡ್ಡಿನ ಲೆಕ್ಕವೂ ಹಾಗೇ. ಕೌನ್ಸಿಲ್ ಟ್ಯಾಕ್ಸ್ ಬಿಲ್ ಕಳಿಸಿ ವಸೂಲಿ ಮಾಡುವುದು ಡಿಸ್ಟ್ರಿಕ್ಟು. ಆದರೆ ದೊಡ್ಡ ಪಾಲು ಕೌಂಟಿಗೆ ಹೋಗುತ್ತೆ. ಆಮೇಲೆ ಪೊಲೀಸು, ಅಗ್ನಿಶಾಮಕ. ಪ್ಯಾರಿಷ್ ಪಾಲು ಬಿಲ್ಲಿನ ಕೊನೆಯ ಸಣ್ಣ ಸಾಲು. ಆ ಸಣ್ಣ ಸಾಲಿನಲ್ಲೇ ನಮ್ಮ ಆಟದ ಮೈದಾನದ ಹುಲ್ಲು ಕತ್ತರಿಸುತ್ತಾರೆ, ಬಸ್ ಸ್ಟಾಪಿನ ಬೆಂಚು ರಿಪೇರಿ ಮಾಡಿಸುತ್ತಾರೆ. ಹಳೇ ಕೆಂಪು ಫೋನ್ ಬೂತಿನಲ್ಲಿ ಇಟ್ಟಿರುವ ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಬ್ಯಾಟರಿಯನ್ನು ತಿಂಗಳಿಗೊಮ್ಮೆ ನೋಡಿ ಬರೆದಿಡುತ್ತಾರೆ. ಸದಸ್ಯರಿಗೆ ಸಂಬಳ ಇಲ್ಲ.

ಯಾರಾದರೂ ಹೊಸ ಮನೆ ಕಟ್ಟಲು ಅರ್ಜಿ ಹಾಕಿದರೆ ಪ್ಯಾರಿಷ್ ಅಭಿಪ್ರಾಯ ಕೇಳುತ್ತಾರೆ. ಕೇಳುತ್ತಾರೆ ಅಷ್ಟೇ. ಅದನ್ನು ಒಪ್ಪಲೇಬೇಕು ಅಂತ ಇಲ್ಲ. ಆ ಹೊಲದಲ್ಲಿ ಚಳಿಗಾಲ ಪೂರ್ತಿ ನೀರು ನಿಲ್ಲುತ್ತೆ ಅಂತ ಪ್ಯಾರಿಷ್ ಬರೆಯುತ್ತೆ. ಆ ಹೊಲ ನೋಡದೇ ಇರುವವರು ತೀರ್ಮಾನ ಮಾಡಬಹುದು. ಮತ್ತೆ ಅದೇ ಕಥೆ. ಗೊತ್ತಿರುವವರ ಕೈಯಲ್ಲಿ ಅಧಿಕಾರ ಇಲ್ಲ.

ಇನ್ನು ನಿದ್ದೆ ಕೆಡಿಸಿದ ಭಾಗ. ಸಭೆಯ ಮಧ್ಯದಲ್ಲಿ ನಮ್ಮ ಡಿಸ್ಟ್ರಿಕ್ಟ್ ಸದಸ್ಯರು ಬಂದು ವರದಿ ಕೊಟ್ಟರು. ಡಿಸ್ಟ್ರಿಕ್ಟೇ ಇರುವುದಿಲ್ಲವಂತೆ. 2024ರ ಡಿಸೆಂಬರಿನಲ್ಲಿ ಸರ್ಕಾರ ತಂದ ಶ್ವೇತಪತ್ರದ ಪ್ರಕಾರ ಎರಡು ಹಂತ ಇರುವ ಕಡೆಯೆಲ್ಲ ಡಿಸ್ಟ್ರಿಕ್ಟು, ಕೌಂಟಿ ಎರಡೂ ಹೋಗಿ ಒಂದೇ ದೊಡ್ಡ ಕೌನ್ಸಿಲ್ ಬರಬೇಕು. ಅಳತೆ ಸುಮಾರು 5 ಲಕ್ಷ ಜನಕ್ಕೆ ಒಂದು. ಅಜ್ಜಿ ಕೂತಲ್ಲಿಂದಲೇ ಕೇಳಿದರು, "ಆಮೇಲೆ ನಾನು ಯಾರನ್ನ ಕೇಳಲಿ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಇನ್ನೂ ಗೊತ್ತಿಲ್ಲಮ್ಮ" ಅನ್ನುವ ಹಾಗೆ ಹೇಳಿದರು. ಸುಳ್ಳು ಹೇಳಲಿಲ್ಲ, ಅದಕ್ಕೆ ಅವರ ಮೇಲೆ ಗೌರವ ಬಂತು.

ಐದು ಲಕ್ಷ! ಹನ್ನೆರಡು ಹೆಜ್ಜೆ ದೂರದ ಕಲ್ಲು ಎತ್ತಿಸಲು ಈಗಲೇ ಆಗುತ್ತಿಲ್ಲ. ಇನ್ನೂ ದೂರ ಹೋದರೆ ಗತಿ ಏನು?

ಇದು ಇಲ್ಲಿ ಹೊಸದೇನಲ್ಲ ಅನ್ನುವುದೇ ಜಾಸ್ತಿ ಸಿಟ್ಟು ಬರಿಸುವ ವಿಷಯ. 1894ರ ಕಾಯ್ದೆಯಿಂದ ಹಳ್ಳಿಗಳಿಗೆ ಚುನಾಯಿತ ಪ್ಯಾರಿಷ್ ಕೌನ್ಸಿಲ್ ಬಂತು. ಅಲ್ಲಿಯವರೆಗೆ ಚರ್ಚಿನ ಸಭೆಯಲ್ಲಿ ಪಾದ್ರಿ, ಜಮೀನುದಾರರ ಮಾತೇ ನಡೆಯುತ್ತಿತ್ತು. ಪಾರ್ಲಿಮೆಂಟಿಗೆ ವೋಟ್ ಹಾಕುವ ಹಕ್ಕೇ ಇಲ್ಲದ ಆ ಕಾಲದಲ್ಲಿ ಹೆಂಗಸರು ಪ್ಯಾರಿಷ್ ಚುನಾವಣೆಗೆ ನಿಲ್ಲಬಹುದಿತ್ತು. ಅದೇ ಕಾಯ್ದೆ ಹಳ್ಳಿಗಾಡಿಗೆ ರೂರಲ್ ಡಿಸ್ಟ್ರಿಕ್ಟ್‌ಗಳನ್ನೂ ಕೊಟ್ಟಿತು. 1974ರ ಏಪ್ರಿಲ್ 1ಕ್ಕೆ ಅವನ್ನೆಲ್ಲ ಪೇಟೆಗಳ ಜೊತೆ ಸೇರಿಸಿ ದೊಡ್ಡ ಡಿಸ್ಟ್ರಿಕ್ಟ್ ಮಾಡಿದರು. ಮಹಾನಗರಗಳ ಸುತ್ತಲಿನ ಪ್ರದೇಶ ಬಿಟ್ಟು ಇಂಗ್ಲೆಂಡಿನಲ್ಲಿ ಆಗ ಆಗಿದ್ದು 296. ಈಗ ಅವೂ ದೊಡ್ಡದಲ್ಲವಂತೆ.

ನಾರ್ತ್ ಯಾರ್ಕ್‌ಶೈರ್ ನೋಡಿ. 2023ರ ಏಪ್ರಿಲ್ 1ಕ್ಕೆ ಒಂದು ಕೌಂಟಿ, ಏಳು ಡಿಸ್ಟ್ರಿಕ್ಟು ಸೇರಿ ಒಂದೇ ಕೌನ್ಸಿಲ್ ಆಯಿತು. 8 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ, ಹೆಚ್ಚುಕಡಿಮೆ ನಮ್ಮ ಶಿವಮೊಗ್ಗ ಜಿಲ್ಲೆಯಷ್ಟು. ಪೂರ್ವಕ್ಕೆ ಸ್ಕಾರ್ಬರೋ ಸಮುದ್ರ ದಂಡೆ, ಪಶ್ಚಿಮಕ್ಕೆ ಸ್ಕಿಪ್ಟನ್ ಆಚೆಯ ಬೆಟ್ಟಗಳು, ಮುಖ್ಯ ಕಚೇರಿ ನಾರ್ದಲರ್ಟನ್‌ನಲ್ಲಿ. ಇಷ್ಟಕ್ಕೂ ಸದಸ್ಯರು 90. ಮೊದಲು ಅಲ್ಲಿ ರೈಡೇಲ್ ಅನ್ನುವ ಒಂದು ಡಿಸ್ಟ್ರಿಕ್ಟಿನಲ್ಲೇ 30 ಜನ ಇದ್ದರು. ಆ 90 ಜನ ಎಷ್ಟೇ ಒಳ್ಳೆಯವರಾಗಿರಲಿ, ಎಷ್ಟು ಹೊಲದ ಪೈಪ್ ನೆನಪಿಟ್ಟುಕೊಳ್ಳುತ್ತಾರೆ?

ಇದನ್ನು ಲೆಸ್ಟರ್‌ನಲ್ಲಿರುವ ನನ್ನ ಗೆಳತಿಗೆ ಹೇಳಿದರೆ ಅವಳು ಒಪ್ಪುವುದಿಲ್ಲ. "ಕಸ ಒಬ್ಬರು ಎತ್ತೋದು, ಇನ್ನೊಬ್ಬರು ಸುಡೋದು, ಇದೆಂಥ ವ್ಯವಸ್ಥೆ ಕಣೇ? ಒಂದೇ ಕೌನ್ಸಿಲ್ ಆದ್ರೆ ಒಂದೇ ಫೋನ್ ನಂಬರ್, ಖರ್ಚೂ ಕಮ್ಮಿ" ಅನ್ನುತ್ತಾಳೆ. ಗೊಂದಲ ಇರುವುದು ನಿಜ. ಬಂದ ಹೊಸದರಲ್ಲಿ ನಾನೂ ರಸ್ತೆ ಗುಂಡಿಗೆ ಡಿಸ್ಟ್ರಿಕ್ಟಿಗೆ, ಕಸದ ಡಬ್ಬಿಗೆ ಕೌಂಟಿಗೆ ಫೋನ್ ಮಾಡಿ ಒದ್ದಾಡಿದ್ದೇನೆ. ಆದರೆ ಒಂದೇ ನಂಬರ್ ಬೇಕಾದರೆ ಒಂದೇ ನಂಬರ್ ಕೊಡಿ. ಅದಕ್ಕೆ ಕೌನ್ಸಿಲ್ಲನ್ನೇ ಯಾಕೆ ಕಿತ್ತುಹಾಕಬೇಕು?

ಇನ್ನು ಖರ್ಚಿನ ಮಾತು. ದೊಡ್ಡದಾದರೆ ದುಡ್ಡು ಉಳಿಯುತ್ತೆ ಅನ್ನುವವರು ನಾರ್ಥಾಂಪ್ಟನ್‌ಶೈರ್ ಮರೆತಿದ್ದಾರೆ. 2018ರಲ್ಲಿ ಖಜಾನೆ ಖಾಲಿ ಅಂತ ಕೈ ಎತ್ತಿದ್ದು ಅಲ್ಲಿನ ಕೌಂಟಿ ಕೌನ್ಸಿಲ್. ಅದಕ್ಕೆ ಕೆಲವೇ ತಿಂಗಳು ಮೊದಲು 53 ಮಿಲಿಯನ್ ಪೌಂಡಿನ ಹೊಸ ಕಚೇರಿ ತೆರೆದಿತ್ತು. ಕೊನೆಗೆ ಅದನ್ನೂ ಮಾರಿ ಅಲ್ಲೇ ಬಾಡಿಗೆಗೆ ಕೂರಬೇಕಾಯಿತು. 2021ರಲ್ಲಿ ಆ ಕೌಂಟಿಯನ್ನು ರದ್ದು ಮಾಡಿದಾಗ ಅದರ ಕೆಳಗಿನ ಏಳು ಡಿಸ್ಟ್ರಿಕ್ಟುಗಳನ್ನೂ ಜೊತೆಯಲ್ಲೇ ತೆಗೆದರು. ದಿವಾಳಿ ಆಗಿದ್ದು ದೊಡ್ಡದು, ಜೊತೆಗೆ ಹೋಗಿದ್ದು ಸಣ್ಣವು. ಇದನ್ನು ಹೇಳಿದರೆ ಗೆಳತಿ ಮಾತು ಬದಲಾಯಿಸುತ್ತಾಳೆ.

ಸಣ್ಣದು ನಡೆಯುವುದಿಲ್ಲ ಅನ್ನುವುದಕ್ಕೆ ರಟ್ಲಂಡ್ ಅನ್ನುವ ಪುಟ್ಟ ಕೌಂಟಿಯೇ ಉತ್ತರ. ಅವಳ ಲೆಸ್ಟರ್‌ನಿಂದ ಒಂದು ಗಂಟೆ ದಾರಿಯೂ ಇಲ್ಲ. 1974ರಲ್ಲಿ ಅದನ್ನು ಲೆಸ್ಟರ್‌ಶೈರ್‌ಗೆ ಸೇರಿಸಿಬಿಟ್ಟರು. ಅಲ್ಲಿನ ಜನ ಬಿಡಲಿಲ್ಲ. 1997ರಲ್ಲಿ ತಮ್ಮ ಕೌಂಟಿಯನ್ನು ವಾಪಸ್ ಪಡೆದರು. ಸುಮಾರು 41 ಸಾವಿರ ಜನ. ಶಾಲೆ, ರಸ್ತೆ, ಕಸ, ಎಲ್ಲವನ್ನೂ ಓಕಮ್ ಪೇಟೆಯಲ್ಲಿ ಕೂತು ಅವರೇ ನೋಡಿಕೊಂಡು ಬಂದಿದ್ದಾರೆ. ಸುಲಭ ಅಂತ ಹೇಳುತ್ತಿಲ್ಲ, ದುಡ್ಡಿನ ಕಷ್ಟ ಎಲ್ಲ ಕೌನ್ಸಿಲ್ಲಿಗೂ ಇದೆ. ಆದರೆ ಬಾಗಿಲು ತಟ್ಟುವಷ್ಟು ಹತ್ತಿರ ಇದ್ದಾರೆ.

ಊರಲ್ಲಿರುವ ನನ್ನ ತಮ್ಮ "ಅಕ್ಕ, ಅಲ್ಲಿ ಲೋಕಲ್ ಗೌರ್ಮೆಂಟ್ ಅಂದ್ರೆ ಭಾರಿ ಸ್ಟ್ರಾಂಗ್ ಅಲ್ವಾ?" ಅಂತ ಕೇಳುತ್ತಾನೆ. ಇಲ್ಲ ಕಣೋ. ನಮ್ಮ ಪಂಚಾಯ್ತಿಗಳಿಗೆ 73ನೇ ತಿದ್ದುಪಡಿಯಿಂದ ಸಂವಿಧಾನದಲ್ಲೇ ಜಾಗ ಇದೆ. ಇಲ್ಲಿ ಹಾಗೆ ಬರೆದಿಟ್ಟ ಸಂವಿಧಾನವೇ ಇಲ್ಲ. ನಮ್ಮ ಡಿಸ್ಟ್ರಿಕ್ಟಿಗೆ ಐವತ್ತು ವರ್ಷ ಆಗಿದೆ. ಪಾರ್ಲಿಮೆಂಟಿನ ಒಂದು ಆದೇಶ ಸಾಕು, ಒಂದು ಏಪ್ರಿಲ್ 1ರ ಬೆಳಗ್ಗೆ ಅದು ಇರುವುದಿಲ್ಲ.

ಇಷ್ಟು ಯಾಕೆ ಉರಿಯುತ್ತೆ ನಿನಗೆ ಅಂತ ಕೇಳಬಹುದು. ನಮ್ಮಪ್ಪ 1987ರಲ್ಲಿ ಮಂಡಲ ಪಂಚಾಯ್ತಿ ಸದಸ್ಯರಾಗಿದ್ದರು. ಮಂತ್ರಿ ನಜೀರ್ ಸಾಬರು ಪಂಚಾಯ್ತಿಗೆ ಜೀವ ತುಂಬಿದ ಕಾಲ ಅದು. ಬೆಳಗಾಗುವ ಮೊದಲೇ ಜಗಲಿ ಮೇಲೆ ಜನ. ನಲ್ಲಿ, ಬೋರು, ಬೀದಿ ದೀಪ. ಊಟಕ್ಕೆ ಕೂತ ಅಪ್ಪ ಕೈ ತೊಳೆದು ಎದ್ದು ಹೋಗುತ್ತಿದ್ದರು. ನನಗೆ ಆಗ ಅವರ ಮೇಲೆ ಕೋಪ. ಮಗಳ ಹತ್ತಿರ ಮಾತಾಡಲು ಪುರುಸೊತ್ತಿಲ್ಲ, ಊರ ಉಸಾಬರಿ ಎಲ್ಲ ಬೇಕು ಅಂತ. ಯಾವ ಬೋರು ಯಾವ ತಿಂಗಳಲ್ಲಿ ಬತ್ತುತ್ತೆ ಅಂತ ಅವರಿಗೆ ಬಾಯಿಪಾಠ ಇತ್ತು. ಅವರು ಹೋಗಿ ಒಂಬತ್ತು ವರ್ಷ. ನಿನ್ನೆ ಆ ಅಜ್ಜ ಹಾಳೆ ತಿರುಗಿಸಿ ಪೈಪ್ ಬರೆಯುವಾಗ ಅಪ್ಪನ ಕೈಯೇ ಕಂಡ ಹಾಗಾಯಿತು.

ಇನ್ನೊಂದು ಹೇಳಲೇಬೇಕು. ಇಲ್ಲಿರುವ ಎಷ್ಟೋ ಕನ್ನಡದವರಿಗೆ ಇದು ಗೊತ್ತೇ ಇಲ್ಲ. ಇಂಡಿಯಾ ಕಾಮನ್‌ವೆಲ್ತ್ ದೇಶ. ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಂಡು ಕಾನೂನುಬದ್ಧವಾಗಿ ವಾಸ ಇರುವವರು ಈ ಚುನಾವಣೆಗಳಲ್ಲಿ ವೋಟ್ ಹಾಕಬಹುದು. ಖಾಯಂ ವಾಸದ ಹಕ್ಕು ಸಿಕ್ಕಿದ್ದರೆ ನಿಲ್ಲಲೂಬಹುದು. ದಯವಿಟ್ಟು ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಯುಗಾದಿಗೆ ಹಾಲ್ ಬುಕ್ ಮಾಡುತ್ತೇವಲ್ಲ, ಎಷ್ಟೋ ಕಡೆ ಆ ಹಾಲ್ ಪ್ಯಾರಿಷ್‌ನದೇ ಇರುತ್ತೆ.

ನಮ್ಮ ಪ್ಯಾರಿಷ್‌ನಲ್ಲಿ ಎರಡು ಸ್ಥಾನ ಖಾಲಿ ಇವೆ. ಹತ್ತು ಜನ ಮತದಾರರು ಚುನಾವಣೆ ಬೇಕು ಅಂತ ಕೇಳದಿದ್ದರೆ ಕೌನ್ಸಿಲ್ಲೇ ಯಾರನ್ನಾದರೂ ಸೇರಿಸಿಕೊಳ್ಳಬಹುದು. ಯಾರೂ ಕೇಳಿಲ್ಲ. ಕ್ಲರ್ಕ್ ನನ್ನನ್ನು ಹೋದ ವರ್ಷವೇ ಕರೆದಿದ್ದರು. ಕೆಲಸ ಜಾಸ್ತಿ, ಮಗನ ಪರೀಕ್ಷೆ ಅಂತ ತಪ್ಪಿಸಿಕೊಂಡೆ. ನಿಜ ಹೇಳಬೇಕು ಅಂದರೆ ಹೆದರಿಕೆ. ನಮ್ಮ ಉಚ್ಚಾರಣೆ ಕೇಳಿ ಏನಂದುಕೊಳ್ಳುತ್ತಾರೋ, ಹೊರಗಿನವಳು ಬಂದು ನಮ್ಮ ಊರಿನ ಮಾತಾಡುತ್ತಾಳೆ ಅನ್ನುತ್ತಾರೋ ಅಂತ. ನಿನ್ನೆ ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡುವಾಗ ಆ ಅಜ್ಜಿ ಹತ್ತಿರ ಬಂದು, "ನೀನು ಸೇರಿದರೆ ನನಗೆ ಧೈರ್ಯ" ಅಂದರು. ಅರ್ಜಿ ತುಂಬಿದ್ದೇನೆ. ಸಂಜೆ ಕ್ಲರ್ಕ್ ಮನೆ ಬಾಗಿಲಿಗೆ ಹಾಕಿ ಬರುತ್ತೇನೆ.

ಬೆಳಗ್ಗೆ ಮಗನನ್ನು ಬಸ್ಸಿಗೆ ಹತ್ತಿಸಿ ವಾಪಸ್ ಬರುವಾಗ ಆ ಗೇಟಿನ ಹತ್ತಿರ ನಿಂತೆ. ಹೊಲದೊಳಗೆ ಎಲ್ಲರೂ ಓಡಾಡುವ ಕಾಲುದಾರಿ ಇದೆ. ಹನ್ನೆರಡು ಹೆಜ್ಜೆ ಎಣಿಸಿದೆ. ತುರಿಕೆ ಗಿಡ ಬೆಳೆದುಕೊಂಡಿತ್ತು. ಕಾಲಿನಿಂದ ಸರಿಸಿದರೆ ಚಪ್ಪಡಿಯ ಅಂಚು ಕಾಣಿಸಿತು, ಪಾಚಿ ಕಟ್ಟಿತ್ತು. ಫೋಟೋ ತೆಗೆದು ಕ್ಲರ್ಕ್‌ಗೆ ಕಳಿಸಿದ್ದೇನೆ, ನಾಲ್ಕನೇ ಪತ್ರದ ಜೊತೆ ಇಡಲಿ ಅಂತ.